ಒತ್ತಿ ಹಿಡಿದ ಬಟನ್

ಬಿಬವೇವಾಡಿಯ ನಮ್ಮ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತೇವೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಗಂಡನ ಮನೆಯಿಂದ ತಿರುಗಿ ಬಂದ ಮೇಲೆ ಅಣ್ಣ ಈ ಕೆಲಸ ಕಲಿಸಿ, ತನ್ನ ಎದುರಿಗೇ ಒಂದು ಸ್ಟೂಲು ಹಾಕಿಕೊಟ್ಟ. ಸುತ್ತಿದ ಮೋಟಾರನ್ನು ಓಡಿಸಿ, ಬೆರಳುಗಳ ಹಿಂಬದಿ ಇಟ್ಟು ಬಿಸಿ ನೋಡುವುದು ಮಾತ್ರ ಅವನದೇ ಕೆಲಸ. ಅವನು ಒಯ್ಯಿರಿ ಅಂದರೆ ಗಿರಾಕಿ ಮರುಮಾತಿಲ್ಲದೆ ಒಯ್ಯುತ್ತಿದ್ದ.

ಅಣ್ಣನಿಗೆ ಸಕ್ಕರೆ ಕಾಯಿಲೆ. ಒಂದು ಬೆಳಿಗ್ಗೆ ಕುದಿಯುವ ಚಹಾವನ್ನು ಸ್ಟೀಲಿನ ಲೋಟಕ್ಕೆ ಬಗ್ಗಿಸಿ, ಸೆರಗಿನಲ್ಲಿ ಹಿಡಿದು ತಂದು ಅವನ ಮುಂದಿಟ್ಟೆ. ಅವನು ಅದನ್ನು ಬರಿಗೈಯಲ್ಲಿ ಹಿಡಿದು ರಸ್ತೆ ನೋಡುತ್ತ ಕುಳಿತ. ಬೆರಳು ಸಡಿಲಿಸಲಿಲ್ಲ. ಆಮೇಲೆ ದಿನಾ ಗಮನಿಸಿದೆ. ಅವನ ಕೈಗೆ ಬಿಸಿ ತಿಳಿಯುತ್ತಿಲ್ಲ ಎಂದು ಖಾತ್ರಿಯಾಯಿತು. ನಾನು ಹೇಳಲಿಲ್ಲ. ಹೇಳಿದರೆ ಅಂಗಡಿ ಮುಚ್ಚುತ್ತಾನೆ, ಅತ್ತಿಗೆಯ ಮನೆಯಲ್ಲಿ ಮತ್ತೆ ಸುಮ್ಮನೆ ಕೂತು ಉಣ್ಣುವವಳಾಗುತ್ತೇನೆ ಎಂದು ಹೆದರಿದ್ದೆ.

ಆಗಲೇ ಪಿನ್‌ಬಾಲ್ ಯಂತ್ರ ಬಂದದ್ದು. ವಿಮಾನ ನಗರದಲ್ಲಿ ಹೋಟೆಲ್ ನಡೆಸುವ ಮಂಗಳೂರು ಕಡೆಯವರೊಬ್ಬರು ಆ ಹಳೆಯ ಆಟದ ಪೆಟ್ಟಿಗೆಯನ್ನು ಎಲ್ಲಿಂದಲೋ ಕೊಂಡು ತಂದಿದ್ದರು. ಗಾಜಿನ ಕೆಳಗೆ ಓರೆ ಹಲಗೆ, ಅದರ ಮೇಲೆ ಉರುಳುವ ಉಕ್ಕಿನ ಗುಂಡು. ಪಕ್ಕದ ಬಟನ್ ಒತ್ತಿದರೆ ಹಲಗೆಯಡಿಯ ಕಾಯಿಲ್, ಅಂದರೆ ತಂತಿಯ ಸುರುಳಿ, ಎಳೆದು, ಮೇಲೊಂದು ಪುಟ್ಟ ರೆಕ್ಕೆ ಎದ್ದು ಗುಂಡನ್ನು ಹೊಡೆಯಬೇಕು. ಎಡಗಡೆಯ ಕಾಯಿಲ್ ಕಾದು ಸುಟ್ಟು ನಾರುತ್ತಿತ್ತು.

"ಮಕ್ಕಳು ಆಡುವುದು ಬಿಟ್ಟು ಮೂಸಿ ನೋಡ್ತಾರೆ ಮಾರಾಯ್ರೆ," ಎಂದರು ಹೋಟೆಲಿನವರು.

ಕಾಯಿಲ್ ಸುಟ್ಟರೆ ಕಾಯಿಲನ್ನೇ ಸುತ್ತುವುದು ನಮ್ಮ ರೂಢಿ. ಎರಡು ಸಲ ಸುತ್ತಿ ಕೊಟ್ಟೆವು, ಎರಡು ಸಲವೂ ಕಪ್ಪಾಗಿ ತಿರುಗಿ ಬಂತು. ಮತ್ತೆ ಸುತ್ತಿದಾಗ ಅಣ್ಣ ನನ್ನನ್ನೂ ಕರೆದುಕೊಂಡು ಅಲ್ಲಿಗೇ ಹೋದ. ಹಲಗೆಯನ್ನು ಎತ್ತಿ ನಿಲ್ಲಿಸಿ, ಕಾಯಿಲ್ ಕೂರಿಸಿ, ಅದರ ಮೇಲೆ ಬೆರಳು ಇಟ್ಟ. ನಾನು ಬಟನ್ ಒತ್ತಿ ಹಿಡಿದೆ. ವಾಸನೆ ಬಂತು. ತಂತಿಗೆ ಬಳಿದ ಹೊಸ ವಾರ್ನಿಷ್ ಮೊದಮೊದಲು ಹಾಗೇ ನಾರುತ್ತದೆ. ಆದರೂ ಕೇಳಿದೆ:

"ಬಿಸಿ ಆಗೇದೇನಣ್ಣಾ?"

"ಇಲ್ಲ, ಬೆಚ್ಚಗ ಅದ ಅಷ್ಟ. ಬಿಡಬ್ಯಾಡ, ಹಿಡಿ."

ನಾನು ಹಿಡಿದೆ. ಹೊಗೆ ಎದ್ದಾಗ ಹೋಟೆಲಿನವರು ಓಡಿ ಬಂದು ಪ್ಲಗ್ ಕಿತ್ತರು. ಅಣ್ಣ ಕೈ ಹೊರಗೆ ತೆಗೆದಾಗ ಎರಡು ಬೆರಳುಗಳ ಚರ್ಮ ಕಾಯಿಲಿಗೇ ಅಂಟಿತ್ತು. ಅವನು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ನಿಂತ.

ಗಾಯ ಮಾಯಲಿಲ್ಲ. ಧನಕವಡಿಯ ಆಸ್ಪತ್ರೆಯಲ್ಲಿ ಆ ಎರಡು ಬೆರಳುಗಳನ್ನು ತೆಗೆದರು.

ಆಮೇಲೆ ನಾನೊಬ್ಬಳೇ ಹೋಗಿ ಯಂತ್ರದ ಮುಂದೆ ಕುಳಿತೆ. ಈ ಸಲ ಕಾಯಿಲ್ ಬಿಟ್ಟು ಅದರ ಸುತ್ತಮುತ್ತ ನೋಡಿದೆ. ಕಾಯಿಲಿನಲ್ಲಿ ದಪ್ಪ ತಂತಿಯ ಸುತ್ತು ಒಂದು, ಸಣ್ಣ ತಂತಿಯದು ಒಂದು. ದಪ್ಪದ್ದು ರೆಕ್ಕೆಯನ್ನು ಎತ್ತುವುದಕ್ಕೆ, ಸಣ್ಣದು ಎತ್ತಿದ್ದನ್ನು ಹಿಡಿದಿಡುವುದಕ್ಕೆ. ರೆಕ್ಕೆ ಪೂರ್ತಿ ಎದ್ದ ಕೂಡಲೇ ಒಂದು ಸಣ್ಣ ಸ್ವಿಚ್ಚಿನ ಎರಡು ಪಟ್ಟಿಗಳು ಬೇರೆಯಾಗಿ ದಪ್ಪ ಸುತ್ತಿನ ಕರೆಂಟು ನಿಲ್ಲಬೇಕು. ಪಟ್ಟಿ ಬಾಗಿತ್ತು, ಬೇರೆಯಾಗುತ್ತಲೇ ಇರಲಿಲ್ಲ. ಇಕ್ಕಳದಿಂದ ಅದನ್ನು ತಿದ್ದಿದೆ. ಮತ್ತೊಂದು ಕಾಯಿಲ್ ಕೂರಿಸಿ, ಬಟನ್ ಒತ್ತಿ ಹಿಡಿದು, ನನ್ನ ಕೈಯನ್ನೇ ಇಟ್ಟು ನೋಡಿದೆ. ಬಿಸಿ ಏರಲಿಲ್ಲ.

ಮನೆಯಲ್ಲಿ ಅಣ್ಣನಿಗೆ ಹೇಳಿದೆ. ಸ್ವಿಚ್ ನೋಡದೆ ಇದ್ದದ್ದು ತನ್ನದೇ ತಪ್ಪು ಎಂದು ಅವನು ತಲೆ ಆಡಿಸಿದ. ನಾನು ಚಹಾ ತಂದೆ. ಆಸ್ಪತ್ರೆಯಿಂದ ಬಂದ ಮೇಲೆ ಅವನಿಗೆ ಚಹಾ ಆರಿಸಿಯೇ ಕೊಡುತ್ತಿದ್ದೆ. ಒಂದು ಗುಟುಕು ಕುಡಿದು ಕೇಳಿದ:

"ಯಾಕ ತಂಗಿ, ದಿನಾ ತಣ್ಣಗ ಮಾಡಿ ಕೊಡ್ತೀ?"

"ನಿನ್ನ ಕೈಗೆ ಬಿಸಿ ತಿಳಿಯೂದಿಲ್ಲಂತ ನನಗ ಮೊದಲ ಗೊತ್ತಿತ್ತಣ್ಣಾ."

ಅವನು ತನ್ನ ಕೈ ನೋಡಿಕೊಂಡ.

"ಆವತ್ತು ಬಟನ್ ಹಿಡಿದಾಗೂ ಗೊತ್ತಿತ್ತೇನು?"

"ಗೊತ್ತಿತ್ತು."

ಅವನು ಲೋಟ ಕೆಳಗಿಟ್ಟು ಎದ್ದು ಹೋದ.

ಅಂಗಡಿ ಈಗಲೂ ನಡೆದಿದೆ. ಬಿಸಿ ನೋಡುವವಳು ಈಗ ನಾನೇ. ನನ್ನ ಸ್ಟೂಲು ಇದ್ದಲ್ಲೇ ಇದೆ. ಚಹಾ ಮಾತ್ರ ಅವನು ನನ್ನ ಕೈಯಿಂದ ಇಸಿದುಕೊಳ್ಳುವುದಿಲ್ಲ. ಉಳಿದ ಬೆರಳುಗಳಲ್ಲಿ ಲೋಟ ಬಗ್ಗಿಸಿ, ಬಸಿ ತಟ್ಟೆಗೆ ಹಾಕಿ, ತಾನೇ ಊದಿ ಆರಿಸಿಕೊಳ್ಳುತ್ತಾನೆ. ಅರ್ಧ ನೆಲಕ್ಕೆ ಚೆಲ್ಲುತ್ತದೆ. ಅವನು ಎದ್ದು ಹೋದ ಮೇಲೆ ಒರೆಸುತ್ತೇನೆ.