ಬೇವಿನ ಟೊಂಗೆಗೊಂದು ಕತ್ತರಿ

ಕತ್ತರಿ ಕೈಗೆ ಸಿಕ್ಕ ಮನುಷ್ಯ ಅದನ್ನು ಗಾಳಿಯಲ್ಲಿ ಒಮ್ಮೆ ಕಚಕಚನೆ ಆಡಿಸದೆ ಕೆಳಗಿಡುವುದಿಲ್ಲ. ಕ್ಷೌರಿಕನಿಗೋ ದರ್ಜಿಗೋ ಅದು ವೃತ್ತಿಧರ್ಮವೆನ್ನೋಣ. ನನ್ನಂಥ ಕನ್ನಡ ಮಾಸ್ತರನಿಗೆ ಏನು ಬಂದಿತ್ತು ರೋಗ? ಆದರೂ ತೊಂಬತ್ತರ ದಶಕದ ಆ ಬೇಸಿಗೆಯ ಮೊದಲಲ್ಲಿ, ಸಿಂಧನೂರಿನ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ, ಭತ್ತಕ್ಕೆ ಔಷಧಿ ಹೊಡೆಯುವ ಪಂಪುಗಳ ನಡುವೆ ತೂಗುಬಿದ್ದಿದ್ದ, ಮೊಳಕ್ಕಿಂತ ಉದ್ದವಾದ ಎರಡು ಹಿಡಿಗಳ, ಗಿಣಿಯ ಕೊಕ್ಕಿನಂಥ ಬಾಯಿಯ, ಗಿಡ ಸವರುವ ಕತ್ತರಿಯನ್ನು ಕಂಡಾಗ ನಾನು ಎರಡೂ ಕೈಯಲ್ಲಿ ಅದನ್ನು ಹಿಡಿದು ಶೂನ್ಯವನ್ನೇ ಛೇದಿಸಿ ಬಂದೆ. ಕೊಡಲಿ, ಕುಡಗೋಲುಗಳನ್ನು ಬಿಟ್ಟು ಮೂರನೆಯ ಆಯುಧವೊಂದು ಈ ಲೋಕದಲ್ಲಿದೆಯೆಂಬುದೇ ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಆ ಆಯುಧದ ಅಗತ್ಯ ಬಿದ್ದದ್ದು ನಮ್ಮ ಅಂಗಳದ ಬೇವಿನ ಮರದಿಂದ. ಅದರ ದೊಡ್ಡ ಟೊಂಗೆಯೊಂದು ಗೋಡೆ ದಾಟಿ, ಪಕ್ಕದ ಮನೆಯ ಗಂಗಮ್ಮನ ಮಾಳಿಗೆಯ ಮೇಲೆ ಕೊಡೆಯಂತೆ ಹರಡಿತ್ತು. ಕೊಡೆಯ ಅರ್ಧ ನೆರಳಿನಲ್ಲಿ, ನಮ್ಮ ಅಂಗಳದಲ್ಲಿ, ನಮ್ಮವ್ವ ಮಲಗುವ ಹೊರಸು, ಉಳಿದರ್ಧದಲ್ಲಿ ಗಂಗಮ್ಮನ ಸಂಡಿಗೆ. ಮಸ್ಕಿಗೆ ಕೊಟ್ಟ ಗಂಗಮ್ಮನ ಮಗಳು ಚೊಚ್ಚಲ ಬಸುರಿ. ಅವಳಿಗೆ ತವರಿನ ಸಂಡಿಗೆಯೇ ಬೇಕಂತೆ. “ಮಾಸ್ತರ್ರ, ನಿಮ್ಮ ನೆರಳಾಗ ನನ್ನ ಸಂಡಿಗಿ ಒಣಗವಲ್ಲವು, ವಾಸನಿ ಹೊಡ್ಯಾಕತ್ತಾವ. ಆ ಟೊಂಗಿ ತೆಗಸ್ರೀ ಅಂದ್ರ!” ಎಂದು ಗಂಗಮ್ಮ ಮಾಳಿಗೆಯಿಂದಲೇ ಕೂಗುವಳು. ಹೊರಸಿನಿಂದ ನಮ್ಮವ್ವ, ಅವಳಿಗೆ ಕೇಳುವಷ್ಟು ದನಿಯಲ್ಲೇ ನನಗೆ ಹೇಳುವಳು: “ಆ ಟೊಂಗಿ ಹೋದ ದಿನ ನಾನೂ ಪಾಮನಕಲ್ಲೂರಿಗೆ ಹೋದೆ ಅಂತ ತಿಳಕೋ.”

ಇದು ಬರೀ ಬೆದರಿಕೆಯಾಗಿರಲಿಲ್ಲ. ಪಾಮನಕಲ್ಲೂರಿನಲ್ಲಿ ನನ್ನ ಅಣ್ಣನ ತುಂಬಿದ ಮನೆಯಿತ್ತು, ತಂಪು ಮಣ್ಣಿನ ಮಾಳಿಗೆಯಿತ್ತು. ನಮ್ಮದೋ ಸಿಮೆಂಟಿನ ಸ್ಲ್ಯಾಬು. ಮಧ್ಯಾಹ್ನವಾದರೆ ಒಳಗೆ ರೊಟ್ಟಿ ಬೇಯುವಷ್ಟು ಕಾವು. ಎಷ್ಟೋ ವರ್ಷ ಕರೆದ ಮೇಲೆ ಅವ್ವ ಮೊದಲ ಸಲ ನನ್ನ ಮನೆಯಲ್ಲಿ ಉಳಿದಿದ್ದಳು, ಅದೂ ಬೇವಿನ ನೆರಳಿನ ಭರವಸೆಯ ಮೇಲೆ. ಶಾಲೆಯಿಂದ ಬಂದೊಡನೆ “ಬಂದೇನಪಾ? ಮುಖಾ ಯಾಕ ಬಾಡೇತಿ? ಉಂಡಿಲ್ಲೇನು?” ಎಂದು ಕೇಳಿಸಿಕೊಳ್ಳುವ ಸುಖ ನನಗೆ ನಡುವಯಸ್ಸಿನಲ್ಲಿ ದಕ್ಕಿತ್ತು. ಅದನ್ನು ಕಳೆದುಕೊಳ್ಳಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಇಂಥ ಧರ್ಮಸಂಕಟದಲ್ಲಿ ಸುಶಿಕ್ಷಿತ ಪುರುಷನು ಏನು ಮಾಡುತ್ತಾನೆ? ಸಲಕರಣೆಯನ್ನು ಆಯ್ಕೆ ಮಾಡುತ್ತಾ ಕೂರುತ್ತಾನೆ. ವಿಳಂಬಕ್ಕೆ ಇದಕ್ಕಿಂತ ಮರ್ಯಾದಸ್ಥ ಹೆಸರು ಬೇರೊಂದಿಲ್ಲ. “ಒಳ್ಳೆ ಕತ್ತರಿ ಹುಡುಕಾಕತ್ತೀನಿ” ಎಂದು ಗಂಗಮ್ಮನಿಗೂ, “ಸುಮ್ನ ಹುಡುಕಾಕತ್ತೀನಿ” ಎಂದು ಅವ್ವನಿಗೂ ಹೇಳಿ ಇಬ್ಬರನ್ನೂ ಸಮಾಧಾನದಲ್ಲಿಟ್ಟೆ. ನಮ್ಮ ಮನೆಯ ಕಟ್ಟಳೆಯೂ ನನಗೆ ಅನುಕೂಲವಾಗಿಯೇ ಇತ್ತು. ಬೇವು ಹೂಬಿಟ್ಟ ಮೇಲೆ, ಯುಗಾದಿಯ ದಿನ ಬೆಲ್ಲ, ಪುಟಾಣಿ ಹಿಟ್ಟು ಬೆರೆಸಿ ನಾವು ಬೇವೆಂದೇ ಕರೆಯುವ ಅದರ ಹೂವಿನ ಪಾನಕ ಕುಡಿಯುವವರೆಗೆ ಮರದ ಹತ್ತಿರ ಕಬ್ಬಿಣ ಒಯ್ಯುವಂತಿಲ್ಲ; ಅಳತೆ ನೋಡಲಿಕ್ಕೂ ಸಹ.

ಹೀಗಾಗಿ ಪರೀಕ್ಷಾ ಮೇಲ್ವಿಚಾರಣೆಗೆ ಲಿಂಗಸುಗೂರಿಗೆ ಹೋದವನು, ಮರವನ್ನು ಮನೆಯಲ್ಲೇ ಬಿಟ್ಟು, ಕತ್ತರಿಗೆ ಮಾತ್ರ ಕನ್ಯಾಪರೀಕ್ಷೆ ನಡೆಸಿದೆ. ದಾರಿಯಲ್ಲಿ ಮಸ್ಕಿಯ ಅಂಗಡಿಯವನು “ಆಡು ಕಾಯೋರಿಗೆ ಹೇಳ್ರಲಾ, ಒಂದ ತಾಸಿನಾಗ ಬೋಳು ಮಾಡ್ತಾರ” ಎಂದಾಗ ನಾನು ಅಲ್ಲಿಂದ ಕಾಲು ಕಿತ್ತೆ. ಲಿಂಗಸುಗೂರಿನವನು ರಸಿಕ, ಗಿರಾಕಿಗಳಿಗೆಂದೇ ಜಾಲಿಯ ಕಡ್ಡಿಗಳನ್ನು ಮೂಲೆಯಲ್ಲಿ ಒಟ್ಟಿಕೊಂಡಿದ್ದ. ಎರಡು ಜಾತಿಯ ಕತ್ತರಿ ತೋರಿಸಿದ. ಒಂದರಲ್ಲಿ ಅಲಗು ಕೆಳಗಿನ ತಟ್ಟೆಯ ಮೇಲೆ ಕೂತು ಅದುಮುತ್ತದೆ. ಇನ್ನೊಂದರಲ್ಲಿ ಎರಡು ಅಲಗುಗಳು ಒಂದನ್ನೊಂದು ಸವರಿಕೊಂಡು ಹೋಗುತ್ತವೆ. “ಒಣಗಿದ್ದಕ್ಕ ಅದು, ಹಸಿ ಟೊಂಗಿಗೆ ಇದು. ನಿಮ್ಮ ಟೊಂಗಿ ಎಷ್ಟ್ ದಪ್ಪ ಐತ್ರೀ ಸರ?” ಎಂದ. ನಾನು ಗಂಭೀರವಾಗಿ “ಸಾಧಾರಣ” ಎಂದೆ. ಹಿಡಿಯ ರಬ್ಬರು, ನಡುವಿನ ಬೋಲ್ಟಿನ ಬಿಗಿ, ಒಟ್ಟು ತೂಕ ಎಲ್ಲವನ್ನೂ ತೂಗಿ ನೋಡಿ, ಜಾಲಿ ಕಡ್ಡಿಗಳನ್ನು ಕಚಕ್ಕನೆ ಕತ್ತರಿಸಿ, ಹಸಿ ಟೊಂಗೆಯದನ್ನೇ ಆರಿಸಿ ಬಗಲಿಗಿಟ್ಟು ಬಸ್ಸು ಹತ್ತಿದೆ.

ಯುಗಾದಿ ಮುಗಿಯಿತು. ಇನ್ನು ನೆಪ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಅವ್ವ ತನ್ನ ಸೀರೆಗಳನ್ನು ಚೀಲಕ್ಕೆ ತುಂಬಿ ಹೊರಸಿನ ಪಕ್ಕ ಇಟ್ಟುಕೊಂಡು ಕೂತಳು. ಗಂಗಮ್ಮ ಸೆರಗು ಸಿಕ್ಕಿಸಿ ಮಾಳಿಗೆಯ ಮೇಲೆ ನಿಂತಳು. ನಾನು ನಿಚ್ಚಣಿಕೆ ಏರಿ, ಟೊಂಗೆಯ ಬುಡಕ್ಕೆ ಕತ್ತರಿಯ ಬಾಯಿ ಹಿಡಿದೆ. ಬಾಯಿ ಹಿಡಿಯಲೊಲ್ಲದು! ಟೊಂಗೆ ನನ್ನ ತೋಳಿಗಿಂತ ದಪ್ಪ. ಕತ್ತರಿ ಆಕಳಿಸಿದಷ್ಟೂ ಅದರ ತೊಗಟೆಯನ್ನು ತಡವುತ್ತದೆ, ಅಷ್ಟೆ. ಊರೂರು ಅಲೆದು ಆರಿಸಿದ ಈ ಮಹಾಶಯನಿಗೆ ಟೊಂಗೆಯನ್ನು ಒಮ್ಮೆ ತೆಕ್ಕೆ ಹಾಯ್ದು ನೋಡುವ ಬುದ್ಧಿಯೂ ಹೊಳೆದಿರಲಿಲ್ಲ.

ಮೊದಲು ನಕ್ಕವಳು ಗಂಗಮ್ಮ. “ಅಯ್ಯ ಶಿವನ! ಸಂಡಿಗಿ ಕರಿಯೋ ಝಾರಿ ಸೌಟು ತಂದು ಕಣದ ರಾಶಿ ತೂರಾಕ ನಿಂತಾರ ನೋಡಬೇ ಯಕ್ಕಾ!” ಅವ್ವ ತಡೆದುಕೊಂಡಳು, ತಡೆದುಕೊಂಡಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದು ತಿಂಗಳಿಂದ ನೇರ ಮಾತಾಡದವರು ನನ್ನ ದೆಸೆಯಿಂದ ಮಾತಿಗೆ ಬಿದ್ದರು. “ಬಾಯಾಗ ಹಿಡಿವಷ್ಟು ತಿನ್ನಲಿ ಬಿಡಬೇ ಗಂಗವ್ವಾ. ನಿನಗ ಬಿಸಲ ಬೀಳೂ ಕಡೆ ಸಣ್ಣವು ತೋರಸು, ಅವನ್ನಷ್ಟ ಕಡೀತಾನ” ಎಂದಳು ಅವ್ವ. ಮೇಲಿನಿಂದ ಗಂಗಮ್ಮ ಬೆರಳು ತೋರಿಸಿದ ಹಾಗೆ, ಕೆಳಗಿನಿಂದ ಅವ್ವ “ಅದು ಬ್ಯಾಡ, ಈ ಕಡೀದು” ಎಂದು ತಿದ್ದಿದ ಹಾಗೆ, ನಾನು ರೆಂಬೆಗಳನ್ನು ಮಾತ್ರ ಸವರಿದೆ. ಹೊತ್ತೇರುವಷ್ಟರಲ್ಲಿ ಮಾಳಿಗೆಗೆ ಬಿಸಿಲು ಬಿತ್ತು. ದೊಡ್ಡ ಟೊಂಗೆ ಇದ್ದಲ್ಲೇ ಇತ್ತು, ಹೊರಸಿನ ಮೇಲಿನ ನೆರಳೂ ಇತ್ತು. ಕತ್ತರಿ ಏನನ್ನು ಕತ್ತರಿಸುತ್ತದೆಂದು ಅಷ್ಟೆಲ್ಲ ಪರೀಕ್ಷಿಸಿದ ನಾನು, ಅದಕ್ಕೆ ಕತ್ತರಿಸಲಾಗದ್ದರಿಂದಲೇ ಬದುಕಿಕೊಂಡೆ.

ಇಳಿದು ಬಂದು ಅವ್ವನ ಚೀಲದ ಕಡೆ ನೋಡಿದೆ. ಅವ್ವ ನನ್ನ ಕೈಯಿಂದ ಕತ್ತರಿ ಇಸಿದುಕೊಂಡು, ಅಲಗಿಗೆ ಅಂಟಿದ ಹಸಿ ತೊಗಟೆಯನ್ನು ಸೆರಗಿನಿಂದ ಒರೆಸಿದಳು.

“ಇದಕ್ಕ ಎಣ್ಣಿ ಹಚ್ಚಿ ಎತ್ತಿಡು ತಮ್ಮಾ. ಬರೋ ಯುಗಾದಿಗೆ ಮತ್ತ ಚಿಗತಿರ್ತಾವ. ಯಾವುದು ಕಡೀಬೇಕು, ಯಾವುದು ಬಿಡಬೇಕು ಅಂತ ತೋರಸಾಕ ನಾ ಇರ್ತೀನಲ್ಲ ಇಲ್ಲೇ.”