ಅಕ್ಕನ ಹಿತ್ತಾಳೆ ಸ್ಟೌ

ಸ್ಟೌ ರಿಪೇರಿಯವನ ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ ಇರುತ್ತದೆ. ಮುಪ್ಪಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತೇನೋ ಎಂದು ಬೀದಿಯವರು ಕಾಲೆಳೆಯುತ್ತಾರೆ. ಅವನು ನಕ್ಕುಬಿಡುತ್ತಾನೆ. ಆ ಸುಣ್ಣದ ತುಂಡನ್ನು ಅವನ ಜೇಬಿಗೆ ಹಾಕಿದ್ದು ಹೆದರಿಕೆ. ಆ ಹೆದರಿಕೆ ಒಂದು ಬೆಳಗ್ಗೆ ಕುದುರೆ ಲಾಯದವನ ಜೊತೆ ಅಂಗಡಿಗೆ ಬಂತು.

ಅಂಗಡಿ ಅಂದರೆ ಏನು, ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡು. ತಲೆ ಎತ್ತಿದರೆ ನೆತ್ತಿಗೆ ಪೆಟ್ಟು. ಅಪ್ಪ ಅಲ್ಲೇ ಕೂತು ಹಿತ್ತಾಳೆ ಬಡಿದ, ಅಪ್ಪನ ನಂತರ ಇವನು ಬಡಿದ. ಸೀಮೆಎಣ್ಣೆಯ ಪಂಪ್ ಸ್ಟೌ ಬಿದ್ದು ಟ್ಯಾಂಕು ನೆಗ್ಗಿದರೆ ತಳದ ಬೆಸುಗೆ ಬಿಚ್ಚಿ, ಒಳಗಿಂದ ಗುದ್ದಿ, ಹೊರಗಿಂದ ತಟ್ಟಿ, ನೆಗ್ಗು ಇತ್ತೆಂಬ ಗುರುತೂ ಉಳಿಯದಂತೆ ಮಾಡುವುದರಲ್ಲಿ ಅವನದು ಎತ್ತಿದ ಕೈ.

ಹಿತ್ತಾಳೆಯ ಸ್ವಭಾವ ವಿಚಿತ್ರ. ಸುತ್ತಿಗೆ ಬಿದ್ದಷ್ಟೂ ಗಡುಸಾಗುತ್ತದೆ, ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಒಳಗೊಳಗೇ ಬಿಗಿದುಕೊಂಡಿರುತ್ತದೆ, ಕೋಪ ನುಂಗಿಕೊಂಡು ಊಟಕ್ಕೆ ಕೂತ ನೆಂಟನ ಹಾಗೆ. ಆದ್ದರಿಂದ ತಟ್ಟುವ ಕೆಲಸ ಮುಗಿದ ಮೇಲೆ ಅದನ್ನು ಹದವಾಗಿ ಕಾಯಿಸಿ, ತಾನಾಗಿ ಆರಲು ಬಿಡಬೇಕು. ಆಗ ಬಿಗುವು ಇಳಿಯುತ್ತದೆ. ಹೊಳಪೂ ಒಂದಿಷ್ಟು ಮಂಕಾಗುತ್ತದೆ, ಅದೇ ಬೇಜಾರು. "ಕಾಯಿಸದೆ ಇರೋ ಹಿತ್ತಾಳೇನ ಲಾಯದ ಹತ್ತಿರ ಇಡಬೇಡ ಕಣೋ, ಗಂಜಲದ ಘಾಟು ಕುಡಿದು ಸೀಳಿಹೋಗುತ್ತೆ" ಎಂದು ಅಪ್ಪ ಹೇಳುತ್ತಿದ್ದ. ಮಗ ಕಾಯಿಸುವುದನ್ನು ಕಲಿತ, ಈ ಮಾತನ್ನು ಮಾತ್ರ ಕಿವಿಯಿಂದ ಕೆಳಗೆ ಇಳಿಸಿಕೊಂಡಿರಲಿಲ್ಲ.

ಲಾಯದವನ ಎಡಗೈಗೆ ಬಟ್ಟೆ ಸುತ್ತಿತ್ತು. ಬಲಗೈಯಲ್ಲಿದ್ದ ಕರಿಹಿಡಿದ ಸ್ಟೌವನ್ನು ಅವನು ಹಲಗೆಯ ಮೇಲೆ ಕುಕ್ಕಿದ.

"ಯಜಮಾನ್ರೇ, ನೆಗ್ಗು ತೆಗೀರಿ ಅಂದ್ರೆ ಪ್ರಾಣ ತೆಗೀತಿದ್ರಲ್ಲ."

"ಏನಾಯ್ತಪ್ಪ?"

"ಏನಾಗ್ಬೇಕು, ಟೀಗೆ ನೀರಿಟ್ಟು ಪಂಪ್ ಹೊಡೀತಿದ್ದೆ. ಹೊಟ್ಟೆ ಬಿರಿದು ಎಣ್ಣೆ ಚಿಮ್ತು, ಬೆಂಕಿ ಹತ್ಕೊಳ್ತು. ಕುದುರೆಗೆ ಇಟ್ಟಿದ್ದ ನೀರಿನ ತೊಟ್ಟಿ ಪಕ್ಕದಲ್ಲೇ ಇತ್ತು, ಬದುಕ್ಕೊಂಡೆ."

ಸ್ಟೌ ರಿಪೇರಿಯವನು ಮಸಿ ಒರೆಸಿ ನೋಡಿದ. ಕೂದಲೆಳೆಯಂಥ ಬಿರುಕುಗಳು, ತಾನು ತಟ್ಟಿದ ಜಾಗದಲ್ಲಿ ಮಾತ್ರ. ಬೇರೆ ಕಡೆ ಒಂದು ಗೀರೂ ಇಲ್ಲ. ಲಾಯದವನು ಅವಸರ ಮಾಡಿದ್ದ, ಮಿರಮಿರ ಅನ್ನಬೇಕು ಎಂದೂ ಹೇಳಿದ್ದ. ಹಾಗಾಗಿ ಕಾಯಿಸಿರಲಿಲ್ಲ. ಟ್ಯಾಂಕನ್ನು ಮೂಗಿಗೆ ಹಿಡಿದ. ಕುದುರೆ ಗಂಜಲದ ಘಾಟು ಕಣ್ಣಿಗೆ ಹೊಡೆಯಿತು.

ಆ ಘಾಟನ್ನು ಅವನು ಇನ್ನೊಂದು ಕಡೆಯೂ ಮೂಸಿದ್ದ. ಎಲ್ಲಿ ಎಂದು ನೆನಪಾದದ್ದೇ ತಡ, ಟ್ಯಾಂಕನ್ನು ಅಲ್ಲೇ ಬಿಟ್ಟು ಎದ್ದ.

ಅವನ ಅಕ್ಕ ದೊಡ್ಡ ಕಟ್ಟಡವೊಂದರಲ್ಲಿ ಕಿಟಕಿ ಗಾಜು ಒರೆಸುವವಳು. ಒರೆಸುವ ನೀರಿನಲ್ಲಿ ಒಂದಿಷ್ಟನ್ನು ಸೀಸೆಗೆ ತುಂಬಿಸಿ ಮನೆಗೂ ತಂದುಕೊಳ್ಳುತ್ತಾಳೆ. ಅದರಲ್ಲಿ ಅಮೋನಿಯಾ ಇದೆಯಂತೆ. ಅವನ ಮೂಗಿಗೆ ಅದು ಲಾಯದ ಗಂಜಲವೇ. ಆ ನೀರಿನಿಂದ ಅವಳು ದಿನಾ ಸ್ಟೌ ಒರೆಸುತ್ತಾಳೆ. ಆ ಸ್ಟೌ ಬೇರೆ ಯಾರದೂ ಅಲ್ಲ, ಇವನೇ ರಿಪೇರಿ ಮಾಡಿಕೊಟ್ಟದ್ದು. ಅಕ್ಕನದಲ್ಲವೇ ಎಂದು ನೆಗ್ಗು ತೆಗೆದು ಸುಮ್ಮನಾಗದೆ, ಟ್ಯಾಂಕಿನ ಸುತ್ತಲೂ ಮೀನಿನ ಪೊರೆಯಂತೆ ಸುತ್ತಿಗೆ ಗುರುತು ಮೂಡಿಸಿದ್ದ. ಆ ಚೆಂದ ಮಂಕಾಗಬಾರದೆಂದು ಬೆಂಕಿಗೆ ತೋರಿಸಿರಲಿಲ್ಲ.

ಇದು ಅವಳು ಅಡುಗೆಗೆ ಕೂರುವ ಹೊತ್ತು.

ಅಂಗಡಿಯನ್ನು ಲಾಯದವನ ಮೇಲೆ ಬಿಟ್ಟು ಓಡಿದ. ಗಾಡಿಯವರು ಬೈದರು, ಕೇಳಿಸಲಿಲ್ಲ. ಮೂಲೆ ತಿರುಗಿದಾಗಲೆಲ್ಲ ಮೊದಲು ಆಕಾಶ ನೋಡಿದ, ಹೊಗೆ ಎದ್ದಿದೆಯೇ ಎಂದು. ಅವಳ ಬಾಗಿಲಲ್ಲಿ ಸ್ಟೌನ ಭರ್ರೋ ಸದ್ದು ಕೇಳಿಸಿತು.

ಅಕ್ಕ ಮೊಣಕಾಲಿಗೆ ಸ್ಟೌ ತಾಗುವಷ್ಟು ಹತ್ತಿರ ಮಣೆ ಹಾಕಿಕೊಂಡು ಕಾಳು ಬೇಯಿಸುತ್ತಿದ್ದಳು.

"ಅಕ್ಕಾ, ಏಳು. ಹೊರಗೆ ನಡಿ."

"ಯಾಕೋ, ಯಾರು ಹೋದ್ರು?"

"ಯಾರೂ ಹೋಗಿಲ್ಲ. ನೀನು ಏಳು ಮೊದ್ಲು."

"ಯಾರೂ ಹೋಗಿಲ್ಲ ಅಂದ್ಮೇಲೆ ಕಾಳು ಬೇಯ್ಲಿ. ಕೂತ್ಕೋ, ತಿದಿ ಊದಿದ ಹಾಗೆ ಉಸಿರು ಬಿಡ್ತಿದ್ದೀಯ." ಹೇಳುತ್ತಲೇ ಅವಳು ಪಂಪಿಗೆ ಕೈ ಹಾಕಿದಳು.

ಅವನು ಆ ಕೈಯನ್ನು ಹಿಡಿದು ಎಳೆದ. ಚಿಕ್ಕಂದಿನಿಂದ ಒಮ್ಮೆಯೂ ಅಕ್ಕನ ಮೈಮೇಲೆ ಕೈ ಮಾಡಿದವನಲ್ಲ. ಅವಳು ಮಣೆಯಿಂದ ಜಾರಿ, ಬಾಯಿ ತೆರೆದವಳು ಅವನ ಮುಖ ನೋಡಿ ಬೈಗುಳ ನುಂಗಿಕೊಂಡು ಹೊರಗೆ ಹೋದಳು.

ಈಗ ಗಾಳಿ ಬಿಡುವ ತಿರುಪನ್ನು ಸಡಿಲಿಸಬೇಕು. ಅದಕ್ಕೆ ಟ್ಯಾಂಕಿನ ಪಕ್ಕವೇ ಬಗ್ಗಬೇಕು. ಸಾವಿರಾರು ಸಲ ಕಣ್ಣು ಮುಚ್ಚಿ ತಿರುಗಿಸಿದ್ದ ತಿರುಪು ಬೆರಳಿಗೆ ಸಿಗಲೊಲ್ಲದು. ಮೀನಿನ ಪೊರೆಗಳು ಒಂದೊಂದೂ ಮಿನುಗಿ ಅವನನ್ನೇ ನೋಡುತ್ತಿದ್ದವು. ಕೊನೆಗೆ ತಿರುಪು ಸಡಿಲಿ ಗಾಳಿ ಸುಯ್ ಎಂದಿತು, ಜ್ವಾಲೆ ಕುಗ್ಗಿತು, ಆರಿತು. ಅವನು ಅಕ್ಕನ ಮಣೆಯ ಮೇಲೆ ಕೂತ.

ಆರಿ ತಣ್ಣಗಾದ ಮೇಲೆ ಸ್ಟೌವನ್ನು ಅಂಗಳಕ್ಕೆ ತಂದ. ಇರುವೆ ಬಾರದಂತೆ ಗೆರೆ ಎಳೆಯಲು ಅಕ್ಕ ಇಟ್ಟಿದ್ದ ಸೀಮೆಸುಣ್ಣವನ್ನು ಅರೆದು, ನೀರಲ್ಲಿ ಕಲಸಿ ಟ್ಯಾಂಕಿಗೆ ಬಳಿದು, ಒಣಗಿಸಿ, ಬೆಂಕಿ ಹಚ್ಚದೆ ನಾಲ್ಕು ಪಂಪ್ ಹೊಡೆದು ದೂರ ಸರಿದ. ಸೀಮೆಎಣ್ಣೆ ಕಣ್ಣಿಗೆ ಕಾಣದ ಸಂದಿನಲ್ಲೂ ನುಸುಳುತ್ತದೆ. ನುಸುಳಿದರೆ ಸುಣ್ಣ ಹೇಳುತ್ತದೆ.

"ಪೌಡರ್ ಹಚ್ಚಿ ಯಾವ ಮದ್ವೆಗೆ ಕರ್ಕೊಂಡು ಹೋಗ್ತೀಯೋ ಅದನ್ನ?" ಎಂದಳು ಅಕ್ಕ. ಆದರೆ ಹತ್ತಿರ ಬರಲಿಲ್ಲ.

ಬಿಳಿ ಸುಣ್ಣದ ಮೇಲೆ ಒದ್ದೆಯ ಗೆರೆಯೊಂದು ಮೂಡಿತು. ಕೂದಲಿನಷ್ಟು ತೆಳು. ಒಂದು ಪೊರೆಯ ಅಂಚಿನಿಂದ ಇನ್ನೊಂದರ ಅಂಚಿಗೆ ನಿಧಾನವಾಗಿ ಹರಿದು, ಪಂಪಿನ ಬುಡದವರೆಗೂ ಹೋಯಿತು.

ಅಕ್ಕನ ಕಣ್ಣು ಆ ಗೆರೆಯ ಮೇಲೇ ಇತ್ತು. "ನಾನು ದಿನಾ ಒರೆಸ್ತಿದ್ದೆ ಕಣೋ. ನೀನು ಮಾಡಿಕೊಟ್ಟಿದ್ದು ಮಾಸಬಾರದು ಅಂತ."

"ನಾನೂ ಅದಕ್ಕೇ ಕಾಯಿಸ್ಲಿಲ್ಲ ಅಕ್ಕ."

ಎಣ್ಣೆ ಬಸಿದು, ಟ್ಯಾಂಕನ್ನು ಅವನೇ ಕಲ್ಲಿನಿಂದ ಚಪ್ಪಟೆ ಮಾಡಿದ. ಆಗ ಮತ್ತೊಂದು ಭಯ ಎದ್ದಿತು. ಗುರುತಿಲ್ಲದವರ ಸ್ಟೌಗಳನ್ನೆಲ್ಲ ಅಪ್ಪ ಹೇಳಿದಂತೆ ಕಾಯಿಸಿಯೇ ಕೊಟ್ಟಿದ್ದ, ಅವಸರದ ಲಾಯದವನೊಬ್ಬನನ್ನು ಬಿಟ್ಟು. ಮೀನಿನ ಪೊರೆ ಮೂಡಿಸಿ, ಬೆಂಕಿಗೆ ತೋರಿಸದೆ ಕೊಟ್ಟದ್ದು ಬೇಕಾದವರಿಗೆ ಮಾತ್ರ. ದರ್ಜಿಗೆ. ಸೂಲಗಿತ್ತಿಗೆ. ಜೊತೆಗೆ ಆಡಿ ಬೆಳೆದ ಗೆಳೆಯನಿಗೆ.

"ನಡಿ, ನಾನೂ ಬರ್ತೀನಿ" ಎಂದಳು ಅಕ್ಕ. "ನೀನು ಹೇಳಿದ್ರೆ ಯಾರು ಕೇಳ್ತಾರೆ. ನಾನು ಬೈದ್ರೆ ಕೇಳ್ತಾರೆ."

ದರ್ಜಿಯ ಸ್ಟೌಗೆ ಬಳಿದ ಸುಣ್ಣ ಒಣಗಿಯೇ ಉಳಿಯಿತು. ಆದರೂ ಕಾಯಿಸಲೆಂದು ಎತ್ತಿಕೊಂಡು ಬಂದರು. ಸೂಲಗಿತ್ತಿಯದರಲ್ಲಿ ಗೆರೆ ಮೂಡಿತು. ಗೆಳೆಯ ಮಾತ್ರ ಮನೆ ಖಾಲಿ ಮಾಡಿ ಹೋಗಿದ್ದ. ಎಲ್ಲಿಗೆ ಹೋದನೆಂದು ಅಕ್ಕಪಕ್ಕದವರಿಗೂ ಗೊತ್ತಿಲ್ಲ. ಸ್ಟೌವನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಗಾಡಿ ಹತ್ತಿದನಂತೆ.

ಆ ಸ್ಟೌ ಇನ್ನೂ ಸಿಕ್ಕಿಲ್ಲ. ಯಾವ ಬೀದಿಯಲ್ಲಿ ಪಂಪ್ ಸ್ಟೌನ ಸದ್ದು ಕೇಳಿದರೂ ಅವನು ಇವತ್ತಿಗೂ ನಿಂತುಬಿಡುತ್ತಾನೆ. ಕೈ ತಾನಾಗಿ ಜೇಬಿಗೆ ಹೋಗುತ್ತದೆ.