ಘಡಿ ಮುರಿಯದ ಚಾದರಗಳು

ಪ್ಲಾಸ್ಟಿಕ್ ಚೀಲ ಚರಚರ ಅಂದರೆ ಸಾಕು, ನನಗೆ ಆಕಳಿಕೆ ಬರುತ್ತದೆ. ಇವತ್ತು ಬೆಳಿಗ್ಗೆ ಅಕ್ಕಲಕೋಟ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಹೆಂಗಸು ಚಿವಡಾ ಪೊಟ್ಟಣ ಬಿಚ್ಚಿದರು. ನಾನು ಅವರ ಮುಖದೆದುರೇ ಬಾಯಿ ತೆರೆದೆ. ಪಾಪ, ಹಸಿದಿದ್ದಾಳೆಂದು ತಿಳಿದು ಒಂದು ಮುಷ್ಟಿ ಕೊಟ್ಟರು. ಬೇಡ ಎನ್ನಲಿಲ್ಲ. ಈಗ ಬಸ್ಸಿನಲ್ಲಿದ್ದೇನೆ, ಸೋಲಾಪುರ ಮುಟ್ಟಲು ಇನ್ನೂ ಹೊತ್ತಿದೆ. ಈ ಆಕಳಿಕೆಯ ಕತೆ ನಿಮಗೆ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ನನ್ನ ನಡ ಹಿಡಿಯಿತು. ಬಗ್ಗಿದರೆ ಏಳಲಾರೆ, ಎದ್ದರೆ ಬಗ್ಗಲಾರೆ. ದಿನಾ ಮಧ್ಯಾಹ್ನ ಅರ್ಧ ತಾಸು ವಿಶ್ರಾಂತಿ ತೆಗೆದುಕೊಳ್ಳದಿದ್ದರೆ ಆಪರೇಷನ್ನೇ ಗತಿ ಎಂದರು ಡಾಕ್ಟರು. ಹೆದರಿಕೆಯಾಯಿತು. ಮೊಬೈಲಿನಲ್ಲಿ ಯೋಗ ಕಲಿಸುವ ಮರಾಠಿ ಹೆಂಗಸೊಬ್ಬರು, ನಮ್ಮ ಕಡೆಯ ಮಾತಿನಲ್ಲಿ ‘ಬಾಯಿ’, ಸಿಕ್ಕರು. ಏನೂ ಮಾಡದೆ ಮಲಗುವ ಯೋಗ ಅದು, ನನ್ನ ಜಾಯಮಾನಕ್ಕೆ ಹೇಳಿ ಮಾಡಿಸಿದ್ದು. ಆದರೆ ಏನೂ ಮಾಡದಿರುವುದಕ್ಕೂ ಸಾಮಾನು ಬೇಕಂತೆ. ಬೆನ್ನಿಗೆ ಲೋಡು, ಮಂಡಿಯ ಕೆಳಗೆ ಒತ್ತು, ತಲೆಗೆ ಗಟ್ಟಿಯಾಗಿ ಮಡಿಚಿದ ಬಟ್ಟೆ. ಕೊಳ್ಳಬೇಡಿ, ಮನೆಯಲ್ಲೇ ಹುಡುಕಿ ಎಂದರು ಬಾಯಿ.

ಹುಡುಕಿದೆ. ಮನೆಯ ಲೋಡು ಅಳಿಯಂದಿರು ಬಂದಾಗ ಮಾತ್ರ ಹೊರಬರುವಂಥದು. ಹತ್ತಿಯೆಲ್ಲ ಒಂದು ಮೂಲೆಗೆ ಸರಿದು ಗಬ್ಬದ ಎಮ್ಮೆಯ ಹೊಟ್ಟೆಯಂತಾಗಿತ್ತು. ಮಂಡಿಯ ಕೆಳಗಿಟ್ಟ ಹಿಟ್ಟಿನ ಡಬ್ಬಿ ಉರುಳಿ ಹೋಗಿ ಬೆಕ್ಕನ್ನು ಓಡಿಸಿತು. ಕಡೆಗೆ ಕಣ್ಣು ಬಿದ್ದದ್ದು ಅತ್ತೆಯ ಟ್ರಂಕಿನ ಮೇಲೆ. ಅದರಲ್ಲಿ ಹನ್ನೊಂದು ಸೋಲಾಪುರಿ ಚಾದರಗಳು, ಪ್ಲಾಸ್ಟಿಕ್ಕಿನೊಳಗೆ. ನಮ್ಮ ಕಡೆ ಲಗ್ನದ ಆಹೇರಿಗೆ, ಉಡುಗೊರೆಯಾಗಿ, ಚಾದರ ಬರುತ್ತದೆ, ಮತ್ತೊಂದು ಲಗ್ನಕ್ಕೆ ಹೋಗುತ್ತದೆ. ಹೊದ್ದವರನ್ನು ನಾನಂತೂ ಕಂಡಿಲ್ಲ. ಘಡಿ, ಅಂದರೆ ಅಂಗಡಿಯವರು ಮಡಿಚಿದ ಮಡಿಕೆ, ಮುರಿದ ಚಾದರ ಕೊಟ್ಟರೆ ಮುಖಕ್ಕೆ ಹೊಡೆದಂತೆ. ಒಮ್ಮೆ ಅತ್ತೆಗೆ ಬಂದ ಚಾದರದಲ್ಲಿ ಯಾರದೋ ಹಣೆಯ ಟಿಕಳಿ ಅಂಟಿಕೊಂಡಿತ್ತು. ಕೊಟ್ಟ ಬೀಗರ ಜೊತೆ ಅವರು ಇಂದಿಗೂ ಮಾತಾಡುವುದಿಲ್ಲ.

"ಅತ್ತಿ, ನಡಕ್ಕ ನಾಕು ಚಾದರ ಕೊಡ್ರಿ," ಎಂದೆ.

"ಹಗಲೊತ್ತಿನ್ಯಾಗ ಸೊಸಿ ಮಕ್ಕೊಳ್ಳೂದು, ಅದೂ ಆಹೇರಿ ಚಾದರದ ಮ್ಯಾಲ? ಮಂದಿ ಏನಂದಾರು?"

"ಘಡಿ ಮುರಿಯಂಗಿಲ್ರಿ. ಘಡಿ ಇದ್ರs ಬೇಷ್ ಅಂತ ಬಾಯಿ ಹೇಳ್ಯಾರ."

ಇದು ಅತ್ತೆಗೆ ಹಿಡಿಸಿತು. "ಹಂಗಿದ್ರ ಆಕಿ ಶಾಣ್ಯಾಕಿ ಅದಾಳ ಬಿಡು. ಖರೆ ನಾ ಬಾಜೂಕ ಕುಂಡ್ರಾಕಿ. ನಿಂದೇನು ಭರೋಸಾ?"

ಹೀಗೆ ನನ್ನ ವಿಶ್ರಾಂತಿಗೆ ಪಹರೆ ಬಿತ್ತು. ತಲೆಯ ಎಣ್ಣೆ ತಾಗಬಾರದೆಂದು ಅತ್ತೆ ಮಾವನ ಹಳೆಯ ಧೋತರ ಹಾಸುವರು. ಮೊಬೈಲಿನೊಳಗಿಂದ ಬಾಯಿ "ಶ್ವಾಸ್ ಐಕಾ" ಎಂದು ಉಸಿರು ಆಲಿಸಲು ಹೇಳಿದರೆ ನನಗೆ ಕೇಳುತ್ತಿದ್ದುದು ಬೆನ್ನ ಕೆಳಗಿನ ಚರಚರ ಮಾತ್ರ. ಮಗ್ಗುಲಾದರೆ ಅತ್ತೆ "ಹಳೂಕ, ಚೀಲ ಹರದೀತು!" ಎಂದು ಗದರುವರು. ಲಗ್ನದ ಸುಗ್ಗಿ ಬಂದರೆ ಇನ್ನೊಂದು ಸಂಕಟ: ದಿಬ್ಬಣಕ್ಕೊಂದರಂತೆ ಬೆನ್ನಡಿಯ ಚಾದರ ಹೋಗಿ ನನ್ನ ಎದೆ ದಿನದಿನಕ್ಕೆ ನೆಲಕ್ಕಿಳಿಯುತ್ತಿತ್ತು. ಕಂಡವರ ಮಕ್ಕಳ ಲಗ್ನ ಮುಂದೆ ಹೋಗಲಿ ಎಂದು ಬೇಡಿಕೊಂಡ ಪಾಪವೂ ನನ್ನ ಲೆಕ್ಕಕ್ಕಿದೆ. ಏನೇ ಇರಲಿ, ಆಪರೇಷನ್ ತಪ್ಪಿತು, ನಡ ನೆಟ್ಟಗಾಯಿತು, ಚರಚರ ಅಂದರೆ ನಿದ್ದೆ ಬರುವ ರೂಢಿಯೂ ಬಿತ್ತು.

ನಿನ್ನೆ ಮಧ್ಯಾಹ್ನ ಎಂದಿನಂತೆ ಚಾದರ ಜೋಡಿಸುತ್ತಿದ್ದೆ. ಬಾಗಿಲಿಗೆ ಒರಗಿ ಕೂತಿದ್ದ ಅತ್ತೆ ಒಮ್ಮೆಲೇ, "ನನಗೂ ಒಂದು ನಡಾ ಐತಿ. ಈ ಮನಿಗೆ ಬಂದು ಐವತ್ತು ವರ್ಷಾತು, ಒಬ್ಬರರೇ ಕೇಳೀರೇನು?" ಎಂದರು.

ನಗುತ್ತಲೇ ಅಂದರು. ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಎರಡು ವರ್ಷ ಪಕ್ಕದಲ್ಲೇ ಕೂತವರ ನಡ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕೈಹಿಡಿದು ಮಲಗಿಸಿದೆ. "ಐದ ಮಿನಿಟು ಅಷ್ಟs. ಬಾಗಲಾ ಹಾಕು, ಯಾರರೇ ನೋಡ್ಯಾರು," ಎಂದವರು ಮೂರನೆಯ ಮಿನಿಟಿಗೇ ಗೊರಕೆ ಹೊಡೆದರು. ಮಲಗಿದ ಮೈ ತಣ್ಣಗಾಗುತ್ತದೆ, ಹೊದಿಸಬೇಕು. ದಿನಬಳಕೆಯ ಹೊದಿಕೆಗಳು ಮಾಳಿಗೆಯ ಮೇಲೆ ಒಣಗುತ್ತಿದ್ದವು. ಏರಿ ತರಬಹುದಿತ್ತು, ತರಲಿಲ್ಲ. ಬೆನ್ನ ಕೆಳಗಿನವಕ್ಕೆಲ್ಲ ಆಗಲೇ ಬೇರೆ ಲಗ್ನ ಗೊತ್ತಾಗಿತ್ತು. ಟ್ರಂಕಿನಲ್ಲಿ ಉಳಿದಿದ್ದುದು ಒಂದೇ, ವಾಗದರಿ ಊರಿನಲ್ಲಿರುವ ಒಡಹುಟ್ಟಿದ ತಮ್ಮನ ಮೊಮ್ಮಗಳ ಲಗ್ನಕ್ಕೆಂದು ಅತ್ತೆ ಎತ್ತಿಟ್ಟ ನವಿಲಿನ ಚಾದರ. ಇವತ್ತೊಂದು ದಿನ ಕಳೆದರೆ ಲಗ್ನ. ಚೀಲ ಹರಿದೆ, ಘಡಿ ಮುರಿದೆ, ಅಂಗಾಲಿನವರೆಗೆ ಹೊದಿಸಿಬಿಟ್ಟೆ.

ತಾಸಿನ ಮೇಲೆ ಎಚ್ಚರಾಯಿತು. ಅತ್ತೆ ಅಂಚು ಮುಟ್ಟಿ ನೋಡಿದರು. "ಯಾರ ಮುರದ್ರು ಘಡಿ?"

"ನಾನs ರಿ."

ಹರಿದ ಚೀಲ ಎತ್ತಿ ನೋಡಿದರು. ಮಾತು ಬಿಟ್ಟ ಬೀಗರ ಸಾಲಿಗೆ ನಾನೂ ಸೇರಿದೆ ಎಂದುಕೊಂಡೆ. ಮೆಲ್ಲಗೆ, "ವಾಗದರಿಗೆ ಏನ್ ಒಯ್ಯೂಣ್ರಿ?" ಎಂದು ಕೇಳಿದೆ.

"ಸೋಲಾಪುರದಾಗ ಚಾದರಕ್ಕೇನು ಬರಾ ಬಿದ್ದೈತೇನು? ಒಂದು ತಂದ್ರಾತು. ಇದು ನಂದು," ಎಂದು ಗದ್ದದ ತನಕ ಎಳೆದುಕೊಂಡರು.

ಇವತ್ತು ಬೆಳಿಗ್ಗೆ ನಾನು ಹೊರಟಾಗಲೂ ಅದನ್ನೇ ಹೊದ್ದು ಪಡಸಾಲೆಯಲ್ಲಿ ಕೂತಿದ್ದರು. ಹೊಸ್ತಿಲು ದಾಟುತ್ತಿದ್ದಂತೆ ಹಿಂದಿನಿಂದ ಕೂಗಿದರು:

"ಎರಡು ತಾ. ನಿನಗೊಂದು ಇರ್ಲಿ. ಖರೆ ನಿಂದರೇ ಘಡಿ ಅಂಗಡ್ಯಾಗs ಮುರಿಸಿಕೊಂಡು ಬಾ. ಇಲ್ಲಾಂದ್ರ ಅದನ್ನೂ ನಾ ಟ್ರಂಕಿನಾಗ ಇಡ್ತೀನಿ."